ಇಂಜಿನ್ನಿಗೆ ತೆಗೆದಿಟ್ಟ ಎಣ್ಣೆ

ನಮ್ಮಣ್ಣನ ಮೋಟಾರ್ ಸೈಕಲ್ಲು ಕುಡಿಯುತ್ತಿದ್ದ ಎಣ್ಣೆಯನ್ನೇ ನಮ್ಮ ಮನೆಯಲ್ಲಿ ಎಲ್ಲರೂ ತಲೆಗೆ ಹಚ್ಚಿಕೊಳ್ಳುತ್ತಿದ್ದೆವು. ಕಾಲೇಜಿನಲ್ಲಿ ಇದನ್ನು ಹೇಳಿದಾಗ ಗೆಳತಿಯರು ನಂಬಲಿಲ್ಲ. ನಾನು ಚರ್ಚಾಸ್ಪರ್ಧೆಗಳಲ್ಲಿ ಮಾತಾಡುವವಳು. ಬೆಳಿಗ್ಗೆ ಪರವಾಗಿ ಮಾತಾಡಿದ ವಿಷಯಕ್ಕೇ ಸಂಜೆ ವಿರೋಧವಾಗಿಯೂ ಮಾತಾಡಿ ಗೆದ್ದು ಬರುವವಳು ಎಂಬ ಹೆಸರಿತ್ತು. ಅಂಥವಳ ಮಾತನ್ನು ಯಾರು ನಂಬುತ್ತಾರೆ? ಆದರೂ ಇದು ನಿಜ. ರೇಸಿನ ಇಂಜಿನ್ನು ಕಾಯುವ ಕಾವಿಗೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಎಣ್ಣೆ ನೀರಾಗಿಬಿಡುತ್ತದೆ, ಹರಳೆಣ್ಣೆ ನಿಲ್ಲುತ್ತದೆ. ಆ ಕಾಲದಲ್ಲಿ ರೇಸಿನ ಗಾಡಿ ಓಡಿಸುವವರು ಬಹುತೇಕ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಅದು ಸುಟ್ಟು ಬರುವ ಹೊಗೆಗೆ ಒಂದು ಸಿಹಿ ಕಮಟು ವಾಸನೆ. ರೇಸಿನ ದಿನ ಅಣ್ಣನ ಅಂಗಿ, ತಲೆಗೂದಲು, ಹುಬ್ಬು ಎಲ್ಲಕ್ಕೂ ಆ ವಾಸನೆ ಹತ್ತಿರುತ್ತಿತ್ತು.

ನಮ್ಮ ಮನೆ ಯಲಹಂಕದ ಹಳೇ ಪೇಟೆಯಲ್ಲಿ. ಊರಾಚೆ ಯುದ್ಧದ ಕಾಲದಲ್ಲಿ ವಿಮಾನಕ್ಕೆಂದು ಹಾಕಿದ ರನ್‌ವೇ. ಚಳಿಗಾಲ ಬಂತೆಂದರೆ ಅದರ ಮೇಲೆ ಡಾಂಬರಿನ ಖಾಲಿ ಡ್ರಮ್ಮು, ಒಣಹುಲ್ಲಿನ ಹೊರೆ ಇಟ್ಟು ತಿರುವು ಮಾಡಿ ರೇಸು ನಡೆಸುತ್ತಿದ್ದರು. ಅಣ್ಣನಿಗೆ ಯಶವಂತಪುರದಲ್ಲಿ ಒಂದು ಗ್ಯಾರೇಜು, ಅದರಲ್ಲಿ ಪಾಲಿಗೆ ಹೆಬ್ಬಾಳದ ಒಬ್ಬ ಭಾಯಿ. ರೇಸಿನ ಗಾಡಿ ಮಾತ್ರ ಅಣ್ಣನದಲ್ಲ, ಒಬ್ಬ ಕಾಫಿ ತೋಟದ ಮಾಲೀಕರದು. ಅವರು ಕೊಂಡರು, ಅಣ್ಣ ಬಿಚ್ಚಿ ಜೋಡಿಸಿ ಓಡಿಸಿದ. ಸೀಸನ್ನಿಗೆ ಮೂರು ರೇಸು: ಮೊದಲನೆಯದು ನಮ್ಮೂರಲ್ಲಿ, ಎರಡನೆಯದು ಮದರಾಸಿನ ಕಡೆ, ಕೊನೆಯದು ಮತ್ತೆ ನಮ್ಮೂರಲ್ಲಿ. ಒಂದು ತಪ್ಪಿಸಿದರೂ ಗಾಡಿ ಬೇರೆಯವನ ಕೈಗೆ ಹೋಗುತ್ತದೆ ಎಂದು ಮಾಲೀಕರು ನಗುನಗುತ್ತಲೇ ಹೇಳಿದ್ದರು.

ಅತ್ತಿಗೆ ನಮ್ಮ ಮನೆಗೆ ಬಂದದ್ದೇ ಎಣ್ಣೆಯಿಂದ. ಪೇಟೆಯ ಎಣ್ಣೆಯಲ್ಲಿ ಕಲಬೆರಕೆಯೆಂದು ಅಣ್ಣ ಚಿಕ್ಕಜಾಲದ ತನಕ ಸೈಕಲ್ ತುಳಿದುಕೊಂಡು ಹೋಗಿದ್ದ. ಅಲ್ಲಿ ಒಬ್ಬರು ಇನ್ನೂ ಎತ್ತಿನ ಗಾಣ ನಡೆಸುತ್ತಾರೆಂದು ಕೇಳಿದ್ದನಂತೆ. ಹರಳನ್ನು ಹುರಿಯದೆ ಹಸಿಯಾಗಿಯೇ ಆಡಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಡಿ ಎಂದ. ಗಾಣದವರು, "ಯಾರಿಗಪ್ಪ, ಬಾಣಂತಿಗಾ?" ಎಂದು ಕೇಳಿದರು. "ಇಲ್ಲ, ಮೋಟಾರ್ ಸೈಕಲ್ಲಿಗೆ" ಎಂದ. ಹಿಂಡಿಯ ಮೂಟೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮರುವರ್ಷ ಆ ನಗು ನಮ್ಮ ಅಡಿಗೆಮನೆಯಲ್ಲಿತ್ತು. ನಮ್ಮದೂ ಗಾಣದ ಕುಲವೇ. ನಮ್ಮಜ್ಜ ಗಾಣ ಬಿಟ್ಟು ರೈಲ್ವೆ ಸೇರಿದ್ದರು, ಅಷ್ಟೆ. "ಬಿಟ್ಟ ಎಣ್ಣೆ ತಾನಾಗೇ ಮನೆಗೆ ವಾಪಸ್ ಬಂತು" ಎಂದು ಅಮ್ಮ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಅಮ್ಮನಿಗೆ ಹರಳೆಣ್ಣೆ ಎಂದರೆ ಮನೆಯ ಹಿರಿಯರಿದ್ದ ಹಾಗೆ. ತಿಂಗಳಿಗೊಮ್ಮೆ ಎಲ್ಲರಿಗೂ ಬಿಸಿ ಕಾಫಿಯಲ್ಲಿ ಬೆರೆಸಿ ಕುಡಿಸಿ ಹೊಟ್ಟೆ ತೊಳೆಯುವುದು, ಮಗುವಿನ ಹೊಕ್ಕುಳಿಗೆ, ದೊಡ್ಡವರ ಮಂಡಿಗೆ, ಕಣ್ಣುರಿಗೆ. ಬಿಸಿಲಿನಿಂದ ಯಾರೇ ಬರಲಿ, ಕೈಕಾಲು ತೊಳೆದ ಮೇಲೆ ಅಂಗೈ ಚಾಚಬೇಕು. ಅಮ್ಮ ಒಂದಿಷ್ಟು ಹರಳೆಣ್ಣೆ ಸುರಿಯುವಳು. ಅದನ್ನು ನೆತ್ತಿಗೆ ತಟ್ಟಿಕೊಂಡ ಮೇಲೇ ಮಜ್ಜಿಗೆ. ಅಂಚೆಯವನಿಗೂ ಇದೇ ಉಪಚಾರ. ಅವನು ಟೋಪಿ ತೆಗೆಯಲು ನಾಚಿಕೊಳ್ಳುತ್ತಿದ್ದ.

ನಾನು ಆ ಮನೆಯಲ್ಲಿ ಪಂಚಾಂಗವನ್ನು ಪ್ರಶ್ನಿಸದೆ ಬಿಡಲಿಲ್ಲ, ಹರಕೆಯನ್ನು ಬಿಡಲಿಲ್ಲ, ರಾಹುಕಾಲವನ್ನಂತೂ ದಿನಕ್ಕೊಮ್ಮೆ ಜಾಲಾಡಿದೆ. "ಆಧಾರ ಎಲ್ಲಿ?" ಎನ್ನುವುದು ನನ್ನ ಊರುಗೋಲು. ಅತ್ತಿಗೆ ಶಾಲೆ ಕಂಡವರಲ್ಲ, ಆದರೆ ನನಗೆ ಅವರಷ್ಟು ಒಳ್ಳೆಯ ಸಭಿಕರು ಇನ್ನಾವ ಸಭೆಯಲ್ಲೂ ಸಿಗಲಿಲ್ಲ. ರಾಗಿ ಬೀಸುತ್ತ, "ಇವತ್ತು ಯಾರನ್ನ ಸೋಲಿಸ್ದೆ ಅಮ್ಮಣ್ಣಿ? ಎಂಗೆ ಸೋಲಿಸ್ದೆ ಅಂತ ಏಳು" ಎಂದು ಕೇಳುವರು. ನಾನು ಭಾಷಣವನ್ನು ಮೊದಲಿನಿಂದ ಒಪ್ಪಿಸುವೆ. ಮುಗಿದ ಮೇಲೆ, "ಈಗ ಅವ್ನ ಕಡೆಯಿಂದ ಮಾತಾಡು" ಎನ್ನುವರು. ಅದನ್ನೂ ಒಪ್ಪಿಸುವೆ. ಅವರಿಗೆ ಎರಡನೆಯದೇ ಹೆಚ್ಚು ಇಷ್ಟ.

ನನ್ನ ತರ್ಕ ಎಣ್ಣೆಯ ಡಬ್ಬದ ಹತ್ತಿರ ಮಾತ್ರ ಹೋಗಲಿಲ್ಲ. ಎಣ್ಣೆಯಲ್ಲಿ ದೇವರಿರಲಿಲ್ಲ, ಮಂತ್ರವಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ವಿಜ್ಞಾನ ಅಂತ ಏನಾದರೂ ಇದ್ದರೆ ಅದು ಇದೇ ಎಂದು ಎಲ್ಲರ ಹಾಗೆ ನನಗೂ ಅನ್ನಿಸಿತ್ತು.

ಆ ಸೀಸನ್ನಿನ ಮೊದಲ ರೇಸಿನ ಹಿಂದಿನ ದಿನ ಮಧ್ಯಾಹ್ನದಿಂದ ಅತ್ತಿಗೆಗೆ ಹೊಟ್ಟೆನೋವು. ಮೊದಲು ಹೊಕ್ಕುಳ ಸುತ್ತ ಎಂದರು. ಸಂಜೆಗೆ ಬಲಗಡೆ, ಕೆಳಗೆ ಎಂದರು. ಅಣ್ಣ ಅಂಗಳದಲ್ಲಿ ಗಾಡಿಯ ಪ್ಲಗ್ಗು ಉಜ್ಜುತ್ತಿದ್ದ. ಅಮ್ಮ ಉಪ್ಪು ಮೆಣಸಿನಕಾಯಿ ಹಿಡಿದು ಬಂದಳು.

"ರೇಸಿನ ಹಿಂದಿನ ದಿನ ಊರೋರ ಕಣ್ಣೆಲ್ಲ ಈ ಮನೆ ಮೇಲೆ. ತಾಳು, ದೃಷ್ಟಿ ತೆಗೀತೀನಿ."

"ದೃಷ್ಟಿ ಬಿದ್ರೆ ಗಾಡಿ ಮೇಲೆ ಬೀಳ್ಬೇಕಮ್ಮ. ಅತ್ತಿಗೆ ಹೊಟ್ಟೆ ಮೇಲೆ ಯಾಕೆ ಬೀಳುತ್ತೆ? ಅಷ್ಟೂ ಗುರಿ ಇಲ್ವಾ ಅದಕ್ಕೆ?" ಎಂದೆ.

"ನಗಿಸ್ಬೇಡ ಕಣಮ್ಮಣ್ಣಿ, ನೋಯ್ತದೆ" ಎಂದು ಅತ್ತಿಗೆ ಹೊಟ್ಟೆ ಹಿಡಿದುಕೊಂಡರು.

ಅಮ್ಮ ಸೋತವಳಂತೆ ಉಪ್ಪನ್ನು ಒಲೆಗೆ ಹಾಕಿ ಬಂದಳು. "ನಿನ್ನೆ ಹಿತಕಿದ ಬೇಳೆ ಸಾರು ಎರಡು ಸಲ ಬಡಿಸ್ಕೊಂಡ್ಲು. ಅವರೆಕಾಳಿನ ಅಜೀರ್ಣ, ಇನ್ನೇನಲ್ಲ. ಎಣ್ಣೆ ಕುಡಿದ್ರೆ ಹೋಗುತ್ತೆ."

ಮನೆಯ ಎಣ್ಣೆ ಮುಗಿದಿತ್ತು. ಇದ್ದದ್ದು ಇಂಜಿನ್ನಿಗೆಂದು ತೆಗೆದಿಟ್ಟ ಹೊಸ ಡಬ್ಬ ಒಂದೇ. ಅಮ್ಮ ಅನುಮಾನಿಸಿದಳು. ಅಣ್ಣ ಅಂಗಳದಿಂದಲೇ ಕೂಗಿದ: "ಅದನ್ನೇ ಕೊಡಮ್ಮ. ಇಂಜಿನ್‌ಗೆ ತೆಗೆದಿಟ್ಟಿದ್ದಕ್ಕಿಂತ ಒಳ್ಳೆ ಎಣ್ಣೆ ಊರಲ್ಲಿ ಎಲ್ಲಿದೆ?"

ಒಳ್ಳೆಯ ಎಣ್ಣೆಯಾದ್ದರಿಂದ ಅಮ್ಮ ಧಾರಾಳವಾಗಿಯೇ ಸುರಿದಳು. ಅತ್ತಿಗೆ ಲೋಟ ನೋಡಿ, "ನಮ್ಮಪ್ಪನ ಎಣ್ಣೆಗೇನು ಕಂಜೂಸಿ, ಇನ್ನೊಂಚೂರು ಉಯ್ಯಿ ಅತ್ತೆ" ಎಂದರು. ನಾವೆಲ್ಲ ಮೂಗು ಹಿಡಿದು ಕುಡಿಯುತ್ತಿದ್ದುದನ್ನು ಅವರು ಗಾಣದ ಮನೆಯ ಮಗಳ ಜಂಬದಲ್ಲಿ, ಮೂಗು ಬಿಟ್ಟುಕೊಂಡೇ ಗಟಗಟನೆ ಕುಡಿದರು.

ಭೇದಿಯಾಯಿತು. ನೋವು ಹೆಚ್ಚಾಯಿತು, ವಾಂತಿಯೂ ಆಯಿತು. ಎಣ್ಣೆ ಒಳಗೆ ಹುಡುಕಿ ಹೊರಗೆ ಹಾಕುತ್ತಿದೆ ಎಂದು ಅಮ್ಮ ಬೆನ್ನು ನೀವುತ್ತ ಕೂತಳು. ಬೆಳಗಾಗುವ ಹೊತ್ತಿಗೆ ನೋವು ಒಮ್ಮೆಗೇ ನಿಂತುಹೋಯಿತು. ಅತ್ತಿಗೆ ಎದ್ದು ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ರೇಸಿಗೆ ಬರುತ್ತೇನೆಂದರು. ಅಮ್ಮ ನನ್ನ ಮುಖ ನೋಡಿ, "ಇದಕ್ಕೆ ಆಧಾರ ಬೇಕೇನೇ?" ಎಂದಳು. ಬೇಕಾಗಿರಲಿಲ್ಲ. ಎಣ್ಣೆ ಕೊಟ್ಟರು, ನೋವು ಹೋಯಿತು. ಆಧಾರ ಸೀರೆ ಉಟ್ಟುಕೊಂಡು ಎದುರಿಗೇ ನಿಂತಿತ್ತು.

ರನ್‌ವೇ ಅಂಚಿನಲ್ಲಿ ನಾವು ಹುಲ್ಲಿನ ಹೊರೆಗಳ ಪಕ್ಕ ನಿಂತೆವು. ಅತ್ತಿಗೆ ರೇಸು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಕಣ್ಣು ಮುಚ್ಚಿ, "ಈಗ ಗೇರು ಇಳಿಸ್ದ್ರು, ಈಗ ತಿರುಗಿದ್ರು" ಎಂದು ನನಗೆ ಹೇಳುವುದು ಅವರ ವಾಡಿಕೆ. ಆ ದಿನ ಅರ್ಧ ರೇಸಿಗೇ ಸುಮ್ಮನಾದರು. ಅಣ್ಣ ಗೆದ್ದ. ಕೊರಳಿಗೆ ಹಾರ ಬಿದ್ದು, ಜನ ಅವನನ್ನು ಎತ್ತಿಕೊಳ್ಳುವಾಗ ಭಾಯಿ ಹಿಂದಕ್ಕೆ ತಿರುಗಿ ನೋಡಿದರು. "ಗುರು, ಮೊದ್ಲು ಭಾಭೀನ ನೋಡು" ಎಂದರು. ಅತ್ತಿಗೆ ಹುಲ್ಲಿನ ಹೊರೆಯ ಮೇಲೆ ಮಂಡಿ ಎದೆಗೆ ಒತ್ತಿಕೊಂಡು ಕೂತಿದ್ದರು. ತುಟಿ ಬೂದಿಯ ಬಣ್ಣಕ್ಕಿತ್ತು. ಮೈ ಸುಡುತ್ತಿತ್ತು.

ತೋಟದ ಮಾಲೀಕರ ಕಾರಿನಲ್ಲಿ ಸಿಟಿಯ ಆಸ್ಪತ್ರೆಗೆ ಹೋದೆವು. ಹೆಬ್ಬಾಳದ ಕೆರೆ ದಾಟುವಾಗ ಅಣ್ಣನಿಗೆ ಕೊರಳಲ್ಲಿ ಹಾರ ಇದೆಯೆಂದು ನೆನಪಾಗಿ, ಅದನ್ನು ತೆಗೆದು, ಎಸೆಯಲೂ ಆಗದೆ ಕಾಲ ಕೆಳಗಿಟ್ಟುಕೊಂಡ.

ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು ತಕ್ಷಣ ತೆಗೆದರು. ಹಲಗೆಯಂತೆ ಗಟ್ಟಿಯಾಗಿತ್ತು. "ಭೇದಿಗೆ ಏನಾದ್ರೂ ಕೊಟ್ರಾ?" ಎಂದು ಕೇಳಿದರು. ಅಮ್ಮ ಸೆರಗು ಬಾಯಿಗೆ ಹಿಡಿದಳು. ಅತ್ತಿಗೆಯೇ ಹೇಳಿದರು: "ನಾನೇ ಕುಡ್ದೆ ಸಾರ್. ಯಾರೂ ಕೊಡ್ನಿಲ್ಲ."

ಆಪರೇಷನ್ ಆದ ಮೇಲೆ ಡಾಕ್ಟರು ನನಗೂ ಅಣ್ಣನಿಗೂ ವರಾಂಡದಲ್ಲಿ ವಿವರಿಸಿದರು. ಕರುಳಿನ ಬಾಲದಂಥ ಅಪೆಂಡಿಕ್ಸ್ ಊದಿಕೊಂಡಿತ್ತು. ಅಂಥ ಹೊಟ್ಟೆಗೆ ಭೇದಿಯ ಔಷಧಿ ಕೊಟ್ಟರೆ ಕರುಳು ಹಿಂಡಿ ಅದು ಒಡೆಯುತ್ತದೆ. ಒಡೆದ ಗಳಿಗೆ ಒತ್ತಡ ಇಳಿದು ನೋವು ನಿಲ್ಲುತ್ತದೆ, ಗುಣವಾಯಿತೆಂದು ಜನ ಮೋಸಹೋಗುತ್ತಾರೆ. ಆಮೇಲೆ ಕೀವು ಹೊಟ್ಟೆಯೆಲ್ಲ ಹರಡುತ್ತದೆ.

"ಎಣ್ಣೆ ಕೊಡದೇ ಇದ್ದಿದ್ರೆ ಒಡೀತಿರ್ಲಿಲ್ವಾ?" ಎಂದು ನಾನು ಕೇಳಿದೆ.

"ಹಾಗಂತ ಹೇಳೋಕಾಗಲ್ಲಮ್ಮ. ಕೊಡದೇ ಇದ್ರೂ ಒಡೀಬಹುದಿತ್ತು. ಕೊಟ್ಟಿದ್ದು ಮಾತ್ರ ಒಳ್ಳೇದಾಗ್ಲಿಲ್ಲ."

ಚರ್ಚೆಯಲ್ಲಿ ಇಂಥ ಉತ್ತರ ಸಿಕ್ಕರೆ ನಾನು ಹಬ್ಬ ಮಾಡುತ್ತಿದ್ದೆ. ಎರಡೂ ಕಡೆಯವರಿಗೆ ಬೇಕಾದಷ್ಟು ಸಾಮಾನು ಅದರಲ್ಲಿತ್ತು. ಅಣ್ಣ ಮಾತ್ರ ‘ಕೊಟ್ಟಿದ್ದು’ ಎಂಬ ಒಂದೇ ಪದ ಕೇಳಿಸಿಕೊಂಡ. ಆ ಸಂಜೆಯಿಂದ ಅವನ ಬಾಯಲ್ಲಿ ಎಣ್ಣೆ ಎಂಬ ಮಾತು ಬರಲಿಲ್ಲ.

ಇಲ್ಲಿಂದ ನಮ್ಮ ದಿನಗಳಿಗೆ ಒಂದು ಆಕಾರ ಬಂತು, ಆಕಾರ ಎಂದು ಅದನ್ನು ಕರೆಯಬಹುದಾದರೆ. ಬೆಳಿಗ್ಗೆ ಅಣ್ಣ ಯಶವಂತಪುರದ ಗ್ಯಾರೇಜಿಗೆ, ಸಂಜೆ ಆಸ್ಪತ್ರೆಗೆ, ಭಾನುವಾರ ಇಂಜಿನ್ನು ಬಿಚ್ಚುವುದು. ನಾನು ಕಾಲೇಜು ಮುಗಿಸಿ ವಾರ್ಡಿಗೆ ಹೋಗಿ ಅಮ್ಮನನ್ನು ಬಿಡಿಸುವುದು. ಅತ್ತಿಗೆಯ ಹೊಟ್ಟೆಯಿಂದ ಒಂದು ರಬ್ಬರ್ ನಳಿಗೆ ಹೊರಗೆ ಬಂದು ಸೀಸೆಗೆ ಇಳಿದಿತ್ತು. ಪೆನಿಸಿಲಿನ್ ಸೂಜಿ ಚುಚ್ಚಿ ಚುಚ್ಚಿ ತೊಡೆಯಲ್ಲಿ ಚುಚ್ಚಲು ಜಾಗ ಉಳಿಯಲಿಲ್ಲ. ಜ್ವರ ಇಳಿಯುವುದು, ನಾವು ಉಸಿರು ಬಿಡುವುದು, ಮತ್ತೆ ಏರುವುದು. ರಕ್ತ ಬೇಕೆಂದಾಗ ನಮ್ಮ ನೆಂಟರಿಷ್ಟರು ಒಬ್ಬೊಬ್ಬರಾಗಿ ಊರಿಗೆ ಹೋದರು. ಭಾಯಿ ಅಂಗಿಯ ತೋಳು ಮಡಿಸಿಕೊಂಡು ಬಂದು ಮಲಗಿದರು. "ನನ್ ರಕ್ತದಲ್ಲಿ ಅರ್ಧ ಪೆಟ್ರೋಲ್ ಐತೆ ಡಾಕ್ಟರ್ ಸಾಬ್, ಬೆಂಕಿ ಹತ್ರ ಇಡ್ಬೇಡಿ" ಎಂದರು. ಅತ್ತಿಗೆ ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಅತ್ತಿಗೆಯ ಅಪ್ಪ ಚಿಕ್ಕಜಾಲದಿಂದ ಬಸ್ಸು ಹಿಡಿದು ಬರುತ್ತಿದ್ದರು. ಬರುವಾಗ ಒಂದು ಸೀಸೆ ಹರಳೆಣ್ಣೆ. ಜ್ವರದ ಮೈಗೆ ತಂಪು ಎಂದು ಮಗಳ ಪಾದಕ್ಕೆ ಉಜ್ಜುವರು. ಹೊಟ್ಟೆಯಲ್ಲಿ ಏನೋ ಗಂಟು ಒಡೆಯಿತು ಎನ್ನುವುದಷ್ಟೇ ಅವರಿಗೆ ಗೊತ್ತಿತ್ತು. ಅವರು ಉಜ್ಜಲು ಶುರುಮಾಡಿದ ಕೂಡಲೇ ಅಮ್ಮ ಎದ್ದು ಹೊರಗೆ ಹೋಗುವಳು. ಅತ್ತಿಗೆ ಮಾತ್ರ, "ಇನ್ನೊಂದು ಕಾಲಿಗೂ ಅಚ್ಚಪ್ಪ" ಎಂದು ಕಾಲು ಚಾಚುವರು. ಹೋಗುವಾಗ ಅವರು ಅಣ್ಣನ ಕೈಗೆ ಡಬ್ಬ ಕೊಟ್ಟು, "ಮದ್ರಾಸಿಗೆ ಅಂತ ಬ್ಯಾರೆ ಆಡಿಸ್ದೆ ಅಳಿಯಂದ್ರೆ. ಈ ಸಲ ಮೂರು ಕಿತ ಸೋಸಿವ್ನಿ" ಎನ್ನುವರು. ಅಣ್ಣ, "ಸರಿ ಮಾವ" ಎಂದು ಇಸಿದುಕೊಳ್ಳುವನು. ಎರಡನೆಯ ಡಬ್ಬ, ಮೂರನೆಯ ಡಬ್ಬ ಗ್ಯಾರೇಜಿನ ಮೂಲೆ ಸೇರಿ, ಮೇಲೆ ಗೋಣಿ ಬಿತ್ತು.

ಮದರಾಸಿನ ರೇಸು ಬಂದಾಗ ಎರಡನೇ ಆಪರೇಷನ್ನಿನ ಮಾತು ನಡೆಯುತ್ತಿತ್ತು. ಒಳಗೆ ಕೀವಿನ ಇನ್ನೊಂದು ಗೂಡು ಕಟ್ಟಿದೆ, ತೆಗೆಯಬೇಕು, ದಿನ ಇನ್ನೂ ಹೇಳಿಲ್ಲ. ವರಾಂಡದಲ್ಲಿ ಅಣ್ಣನನ್ನು ಹಿಡಿದೆ.

"ನೀನು ಹೋಗ್ತಿದೀಯಾ?"

"ಹೋಗ್ಲೇಬೇಕು. ಇಲ್ದಿದ್ರೆ ಗಾಡಿ ಹೋಗುತ್ತೆ."

"ಗಾಡಿ ಹೋದ್ರೆ ಹೋಗ್ಲಿ. ಹೆಂಡ್ತಿ ಹೀಗೆ ಮಲಗಿರೋವಾಗ ಯಾವ ಗಂಡಸು ರೇಸಿಗೆ ಹೋಗ್ತಾನೆ?"

"ನಾನಿಲ್ಲಿ ಕೂತ್ರೆ ಅವಳ ಜ್ವರ ಇಳಿಯುತ್ತಾ?"

"ಅದಲ್ಲ ಪ್ರಶ್ನೆ."

"ಅದೇ ಕಣೇ ಪ್ರಶ್ನೆ. ಅಮ್ಮ ದೇವಸ್ಥಾನ ಸುತ್ತಿದ್ರೆ ಏನು ಪ್ರಯೋಜನ ಅಂತ ನೀನೇ ಕೇಳ್ತೀಯ. ಕೀವಿಗೂ ಪ್ರದಕ್ಷಿಣೆಗೂ ಏನು ಸಂಬಂಧ, ಆಧಾರ ತೋರ್ಸು ಅಂತೀಯ. ನಾನು ಈ ಬೆಂಚಿನ ಮೇಲೆ ಕೂರೋದಕ್ಕೂ ಅವಳ ಕೀವಿಗೂ ಏನು ಸಂಬಂಧ? ನೀನು ಆಧಾರ ತೋರ್ಸು. ನಾನು ಕೂರ್ತೀನಿ."

ನಾಲ್ಕು ಕಾಲೇಜುಗಳ ವೇದಿಕೆಯ ಮೇಲೆ ಯಾರೂ ನನ್ನ ಬಾಯಿಂದಲೇ ಕತ್ತಿ ಕಿತ್ತು ನನಗೆ ಚುಚ್ಚಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಚುಚ್ಚಿದ. ಉತ್ತರ ಇರಲಿಲ್ಲವೆಂದಲ್ಲ, ಇದ್ದ ಉತ್ತರ ತರ್ಕದ್ದಾಗಿರಲಿಲ್ಲ. "ಹಾಗಾದ್ರೆ ಹೋಗು" ಎಂದೆ. ಅವನು ಹೋಗಲಿಲ್ಲ, ಇನ್ನಷ್ಟು ಹೊತ್ತು ಅಲ್ಲೇ ನಿಂತಿದ್ದ. ನಾನು ಇನ್ನೇನಾದರೂ ಹೇಳಲಿ, ಹೇಳಿ ತಡೆಯಲಿ ಎಂದು ಕಾದಿದ್ದನೆಂದು ಈಗ ತೋರುತ್ತದೆ. ಇದಕ್ಕೂ ಆಧಾರವಿಲ್ಲ.

ಅತ್ತಿಗೆಗೆ ದೂರು ಒಪ್ಪಿಸಿದೆ. ಅವರು ಅಣ್ಣನ ಪಕ್ಷ ವಹಿಸಿದರು.

"ಓಗ್ಲಿ ಬುಡು ಅಮ್ಮಣ್ಣಿ. ಇಲ್ಲಿ ಕುಂತ್ಕಂಡ್ರೆ ಕತ್ತು ವಾಲುಸ್ಕೊಂಡು ನನ್ ಉಸ್ರು ಕೇಳ್ತಾ ಇರ್ತಾರೆ. ಕೆಟ್ಟೋದ ಇಂಜಿನ್ ಕೇಳ್ದಂಗೆ. ನಂಗೆ ಎದ್ರಿಕೆ ಆಯ್ತದೆ."

ಮದರಾಸಿನಲ್ಲಿ ಅಣ್ಣ ಎರಡನೆಯವನಾಗಿ ಬಂದ. ಅಲ್ಲಿ ಯಾವ ಎಣ್ಣೆ ಹಾಕಿದನೆಂದು ನಾವು ಕೇಳಲಿಲ್ಲ; ಕೇಳಬೇಕಾದ ವಿಷಯವೆಂದೂ ಹೊಳೆಯಲಿಲ್ಲ. ಅವನು ವಾಪಸ್ಸಾದ ಮರುದಿನ ಎರಡನೇ ಆಪರೇಷನ್ ಆಯಿತು. ಕೀವು ತೆಗೆದರು. ಆದರೆ ಹೊಲಿಗೆ ಕೂಡಲಿಲ್ಲ, ಕರುಳಿನದೇ ರಸ ಗಾಯದಿಂದ ಒಸರತೊಡಗಿತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಬಳೆಗಳು ಮೊಣಕೈ ತನಕ ಜಾರುತ್ತಿದ್ದುದರಿಂದ ನರ್ಸು ಅವನ್ನು ದಾರದಲ್ಲಿ ಕಟ್ಟಿಕೊಟ್ಟರು. ಅಮ್ಮ ಹೆಬ್ಬಾಗಿಲಿಗೊಂದು, ಮಂಚದ ಕಾಲಿಗೊಂದು ಹರಕೆಯ ಬಟ್ಟೆ ಕಟ್ಟಿದಳು. ನಾನು ನೋಡಿದೆ, ಸುಮ್ಮನಿದ್ದೆ. ಅಮ್ಮನಿಗೆ ನನ್ನ ಮೌನವೇ ಹೆಚ್ಚು ಹೆದರಿಕೆ ಹುಟ್ಟಿಸಿರಬೇಕು. "ಏನಾದ್ರೂ ಅನ್ನೇ" ಎಂದಳು ಒಮ್ಮೆ. "ಬಟ್ಟೆ ಕಟ್ಟಿದ್ರೆ ಏನಾಗುತ್ತೆ ಅಂತ ಕೇಳೇ." ಕೇಳಲಿಲ್ಲ.

ಕೊನೆಯ ರೇಸು ನಮ್ಮೂರಿನದು. ಆ ಭಾನುವಾರ ನಾನು ವಾರ್ಡಿನಲ್ಲಿದ್ದೆ. ಅತ್ತಿಗೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಊರಿನ ರನ್‌ವೇ ಶಬ್ದ ಅಲ್ಲಿಗೆಲ್ಲಿ ಕೇಳಬೇಕು, ಆದರೂ ಕಣ್ಣು ಮುಚ್ಚಿದ್ದರು. "ಈಗ ಬಿಟ್ಟಿರ್ತಾರೆ" ಎಂದರು. ಸ್ವಲ್ಪ ತಡೆದು, "ಏನಾದ್ರೂ ಮಾತಾಡು ಅಮ್ಮಣ್ಣಿ, ಅಲ್ಲಿ ಇದ್ದಂಗೆ" ಎಂದರು. ನಾನು ರೇಸು ಹೇಳತೊಡಗಿದೆ. ಡ್ರಮ್ಮಿನ ತಿರುವು, ಹಿಂದಿನವನ ಗಾಡಿ, ಹುಲ್ಲಿನ ಮೇಲೆ ಏರಿ ಬಿದ್ದವನೊಬ್ಬ, ಧೂಳು. ನನ್ನ ರೇಸಿನಲ್ಲಿ ಅಣ್ಣ ಗೆದ್ದ.

ನಿಜವಾದ ರೇಸಿನಲ್ಲಿ ಅವನ ಇಂಜಿನ್ನು ಅರ್ಧಕ್ಕೇ ಸೀಜ್ ಆಗಿತ್ತು. ಕಾವಿಗೆ ಪಿಸ್ಟನ್ನು ಕಚ್ಚಿಕೊಂಡು, ಹಿಂದಿನ ಚಕ್ರ ನಿಂತು, ಅವನು ಡ್ರಮ್ಮುಗಳ ನಡುವೆ ಜಾರಿಕೊಂಡು ಹೋಗಿದ್ದ. ಸಂಜೆ ಭಾಯಿಯ ಜೊತೆ ಬಂದಾಗ ಮೊಣಕೈಗೆ ಬಟ್ಟೆ ಸುತ್ತಿತ್ತು. ಮಂಚದ ಹತ್ತಿರ ಬಗ್ಗಿದ. ಅತ್ತಿಗೆ ಅವನ ಅಂಗಿಯ ತೋಳು ಹಿಡಿದು ಮೂಗಿನ ಹತ್ತಿರ ತಂದುಕೊಂಡರು. ಬಿಟ್ಟರು. ಮತ್ತೆ ತಂದುಕೊಂಡರು.

"ಯಾವ ಎಣ್ಣೆ ಆಕಿದ್ರಿ?"

ಭಾಯಿ ನೆಲ ನೋಡುತ್ತ, "ಅಂಗ್ಡೀದು, ಭಾಭಿ. ಮದ್ರಾಸ್‌ನಲ್ಲೂ ಅಂಗ್ಡೀದೇ. ಅಲ್ಲಿ ಹೆಂಗೋ ತಡ್ಕೊಂತು. ನಾನು ಬೇಡ ಅಂದೆ, ಕೇಳ್ಲಿಲ್ಲ" ಎಂದರು.

"ಯಾಕೆ?"

"ಆ ಡಬ್ಬ ಮುಟ್ಟೋಕೆ ಕೈ ಬರಲ್ಲ" ಎಂದ ಅಣ್ಣ.

ಅತ್ತಿಗೆ ಇಬ್ಬರನ್ನೂ ಹೊರಗೆ ಕಳಿಸಿ ನನ್ನ ಕೈ ಹಿಡಿದುಕೊಂಡರು. ಹಿಡಿತದಲ್ಲಿ ಏನೂ ಉಳಿದಿರಲಿಲ್ಲ, ಮೂಳೆ ಮತ್ತು ಬಿಸಿ. "ನಮ್ಮಪ್ಪಂಗೆ ಯಾವತ್ತೂ ಗೊತ್ತಾಗ್ಬಾರ್ದು. ಅತ್ತೆ ಬಾಯಿ ಬುಡಾಕಿಲ್ಲ, ಇವರೂ ಬುಡಾಕಿಲ್ಲ. ಅಪ್ಪ ಕೇಳೋದು ನಿನ್ನೇಯ. ಓದಿದೋಳು ಅಂತ. ಅವಾಗ ನೀನು ಎಣ್ಣೆ ಕಡೆಯಿಂದ ಮಾತಾಡು."

"ಆಗ್ಲಿ ಅತ್ತಿಗೆ."

"ಗೆಲ್ಬೇಕು."

"ಗೆಲ್ತೀನಿ."

"ಇಂಗೆ ಅಳ್ತಾ ಅಲ್ಲ" ಎಂದರು.

ಯುಗಾದಿಗೆ ಮುಂಚೆಯೇ ಅವರು ಹೋದರು. ಅಣ್ಣ ಆಗ ಬೆಂಚಿನ ಮೇಲೆಯೇ ಕೂತಿದ್ದ. ಇಂಜಿನ್ನು ಕಚ್ಚಿಕೊಂಡ ಮೇಲೆ ಗಾಡಿ ಬೇರೆಯವನ ಕೈಗೆ ಹೋಗಿ ವಾರಗಳಾಗಿದ್ದವು, ಅವನಿಗೆ ಹೋಗಲು ಬೇರೆಲ್ಲೂ ಇರಲಿಲ್ಲ. ಅವನ ಕೂರುವಿಕೆಗೂ ಅವರ ಉಸಿರಿಗೂ ಸಂಬಂಧವಿರಲಿಲ್ಲ ಎನ್ನುವುದು ಹೀಗೆ ಸಾಬೀತಾಯಿತು. ವಾದದಲ್ಲಿ ಅವನೇ ಗೆದ್ದ. ಅವನಿಗೂ ಅದು ಗೊತ್ತಾಯಿತೆಂದು ಕಾಣುತ್ತದೆ, ನನ್ನ ಕಡೆ ನೋಡಲಿಲ್ಲ.

ಆ ವರ್ಷ ಮನೆಯಲ್ಲಿ ಹಬ್ಬದ ಎಣ್ಣೆಸ್ನಾನವಿಲ್ಲ. ಸೂತಕ ಕಳೆದ ಮೇಲೆ ಅಮ್ಮ ಹರಳೆಣ್ಣೆಯ ಗಿಂಡಿಯನ್ನು ಬೂದಿ ಹಾಕಿ ಉಜ್ಜಿ ಅಟ್ಟಕ್ಕೆ ಹಾಕಿದಳು.

ಬೇಸಿಗೆ ನೆತ್ತಿಗೇರಿದ್ದ ಒಂದು ಮಧ್ಯಾಹ್ನ ಅತ್ತಿಗೆಯ ಅಪ್ಪ ಬಂದರು. ಹೆಗಲ ಮೇಲೆ ಡಬ್ಬ. ಬಸ್ಸು ಕೆಟ್ಟಿತೆಂದು ಚಿಕ್ಕಜಾಲದಿಂದ ನಡೆದೇ ಬಂದಿದ್ದರು. ಜಗುಲಿಯ ಮೇಲೆ ಡಬ್ಬ ಇಳಿಸಿ, ಪಕ್ಕದಲ್ಲಿ ತಾವೂ ಕೂತರು. ಅಣ್ಣ ಗ್ಯಾರೇಜಿನಲ್ಲಿದ್ದ. ಅಮ್ಮ, "ಬನ್ನಿ ಬೀಗ್ರೆ, ಕಾಲಿಗೆ ನೀರು ತಗೊಳ್ಳಿ" ಎಂದು ಚೊಂಬು ಇಟ್ಟು, ಅವರ ಮುಖ ನೋಡದೆ ಒಳಗೆ ಹೋದಳು.

ಅವರು ಕಾಲು ತೊಳೆದುಕೊಂಡು ಬಂದು ನನ್ನನ್ನೇ ಕೇಳಿದರು. ಅತ್ತಿಗೆ ಹೇಳಿದ ಹಾಗೆಯೇ.

"ನೀನು ಓದಿದೋಳು, ಸುಳ್ಳೇಳಾಕಿಲ್ಲ. ನಮ್ಮೂರ ಕಡೆ ಒಂದು ಮಾತು ಉಟ್ಕಂಡೈತೆ. ಅವತ್ತು ಅವ್ಳು ಎಣ್ಣೆ ಕುಡಿದಿದ್ಲಂತೆ. ಎಣ್ಣೆ ಕುಡಿದಿದ್ಕೇ ಒಟ್ಟೆ ಒಡೀತಂತೆ. ನಿಜವಾ?"

ನಾನು ಮಾತಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಯಾವ ವೇದಿಕೆಯ ಮೇಲೂ ಮಾತಾಡಿಲ್ಲ. ಎಣ್ಣೆ ಕುಡಿಯದ ಎಷ್ಟೋ ಜನಕ್ಕೂ ಅದು ಒಡೆಯುತ್ತದೆ, ಡಾಕ್ಟರೇ ಹಾಗೆಂದರು ಎಂದೆ. ಅಷ್ಟು ಮಟ್ಟಿಗೆ ಅದು ನಿಜವೂ ಆಗಿತ್ತು. ಗಂಟು ಅದಕ್ಕೆ ಮುಂಚೆಯೇ ಒಡೆದಿತ್ತು ಎಂದೆ, ಅದು ಸುಳ್ಳು. ನಾವೆಲ್ಲ ಹುಟ್ಟಿದಾಗಿನಿಂದ ಕುಡಿದಿದ್ದೇವೆ, ನಿಮ್ಮ ಮಗಳೂ ತೊಟ್ಟಿಲಿನಿಂದ ಕುಡಿದವರು, ಅದೊಂದು ದಿನ ಮಾತ್ರ ಎಣ್ಣೆ ಬೇರೆಯಾಗುತ್ತದೆಯೇ ಎಂದೆ. ಎದುರಾಳಿ ಎತ್ತಬಹುದಾದ ಆಕ್ಷೇಪಗಳನ್ನೆಲ್ಲ ನಾನೇ ಎತ್ತಿ ನಾನೇ ಹೊಡೆದುಹಾಕಿದೆ. ಅಳಲಿಲ್ಲ.

ಅವರು ನಿಧಾನವಾಗಿ ತಲೆಯಾಡಿಸುತ್ತ ಕೇಳಿದರು. ಮುಖದ ಮೇಲಿನ ಬಿಗಿ ಒಂದೊಂದೇ ಗೆರೆ ಸಡಿಲವಾಗುತ್ತಿದ್ದುದು ನನಗೆ ಕಾಣುತ್ತಿತ್ತು. ಕೊನೆಗೆ ಒಂದು ಉಸಿರು ಬಿಟ್ಟು, "ಅಂಗಾರೆ ಸರಿ ಬುಡವ್ವ" ಎಂದರು. "ನೀನು ಏಳಿದ್ ಮೇಲೆ ಸರಿ." ಡಬ್ಬದ ಮೇಲೆ ಕೈಯಿಟ್ಟು, "ಮನೆಗೆ ಅಂತ ತಂದೆ. ಇದು ಅವ್ಳು ಬಿತ್ತಿದ್ ಅರಳು, ಇತ್ಲಲ್ಲಿ" ಎಂದರು.

ಅಷ್ಟರಲ್ಲಿ ಅಮ್ಮ ಎಣ್ಣೆಯ ಸೀಸೆ ಹಿಡಿದು ಹೊರಗೆ ಬಂದಳು. ಬಿಸಿಲಿನಲ್ಲಿ ನಡೆದು ಬಂದ ನೆಂಟರು. ಮೂವತ್ತು ವರ್ಷದ ಅಭ್ಯಾಸ ಅವಳ ಕೈಯನ್ನು ತಾನಾಗಿಯೇ ನಡೆಸಿತ್ತು. ಅವರೂ ಆ ಮನೆಯ ವಾಡಿಕೆ ತಿಳಿದವರು, ಮಾತಾಡುತ್ತಲೇ ಅಂಗೈ ಚಾಚಿದರು. ಅಮ್ಮ ಸೀಸೆ ಬಗ್ಗಿಸಿದಳು. ಬಿದ್ದದ್ದು ನೀರಿನಷ್ಟು ತೆಳುವಾದ, ಅಂಗಡಿಯ ಕೊಬ್ಬರಿ ಎಣ್ಣೆ.

ಅದು ಅವರ ಬೆರಳ ಸಂದಿಯಿಂದ ಇಳಿದು ಪಂಚೆಯ ಮೇಲೆ ತೊಟ್ಟಿಕ್ಕಿತು. ಹರಳೆಣ್ಣೆ ಮನೆ ಬಿಟ್ಟದ್ದನ್ನು ತನ್ನ ಕೈಯೇ ಹೇಳಿಬಿಟ್ಟಿತೆಂದು ಅಮ್ಮನಿಗೆ ಆಗ ತಿಳಿಯಿತು. ಸೀಸೆಯನ್ನು ಸೆರಗಿನೊಳಗೆ ಮರೆಮಾಡಿದಳು, ಅದರಿಂದ ಇನ್ನೂ ಕೆಟ್ಟದ್ದಾಯಿತು. ನನ್ನ ಬಾಯಲ್ಲಿ ವಾದಗಳು ಇನ್ನೂ ಇದ್ದವು: ಎಣ್ಣೆ ಮುಗಿದಿತ್ತು ಎನ್ನಬಹುದಿತ್ತು, ಬೇಸಿಗೆಗೆ ಇದು ಹಗುರ ಎನ್ನಬಹುದಿತ್ತು. ಅವರು ಅಂಗೈಯನ್ನೇ ನೋಡುತ್ತಿದ್ದರು.

ಅವರು ಅದನ್ನು ಚೆಲ್ಲಲಿಲ್ಲ. ನೆತ್ತಿಗೆ ತಟ್ಟಿಕೊಂಡರು, ಉಳಿದದ್ದನ್ನು ಮೊಣಕಾಲಿಗೆ ಸವರಿಕೊಂಡರು. "ಇದೂ ತಣ್ಣಗೇ ಐತೆ" ಎಂದರು, ಅಮ್ಮನಿಗೆ.

ಅಮ್ಮ ಮಜ್ಜಿಗೆ ತರುತ್ತೇನೆಂದು ಒಳಗೆ ಓಡಿದಳು. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಅವರು ಡಬ್ಬವನ್ನು ಮತ್ತೆ ಹೆಗಲಿಗೇರಿಸಿಕೊಂಡು ಬೀದಿಯ ಕೊನೆ ತಲುಪಿದ್ದರು. ಕರೆಯೇ, ಕರೆಯೇ ಎಂದು ಅಮ್ಮ ನನ್ನ ತೋಳು ಅಲುಗಿಸಿದಳು. ಏನೆಂದು ಕರೆಯುವುದು ಎಂದು ನಾನು ಜಗುಲಿಯ ಮೇಲೆ ನಿಂತು ಯೋಚಿಸುತ್ತಲೇ ಇದ್ದೆ.